ಆಟದ ನಿಯಮ ಯಾರದು?

ಚೌಕಾಬಾರಕ್ಕೆ ಬೇಕಾಗುವ ಸಲಕರಣೆ ಬಹಳ ಸ್ವಲ್ಪ. ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ ಐದು ಸಾಲು, ಸಾಲಿಗೆ ಐದರಂತೆ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಆಡುವವರಿಗೆ ತಲಾ ನಾಲ್ಕು ಕಾಯಿ. ಕವಡೆ ಸಿಗದಿದ್ದರೆ ಒಂದು ಮೈ ತೇಯ್ದ ಹುಣಸೆಬೀಜ ಸಾಕು. ಕಾಯಿಗೆ ಬಳೆಚೂರು, ಬೆಣಚುಕಲ್ಲು, ಅವರೆಕಾಳು ಏನಾದರೂ ಆದೀತು. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿದರೆ ಗರ ತಿಳಿಯುತ್ತದೆ. ನಾಲ್ಕೂ ಬಾಯಿ ಮೇಲಾದರೆ ಚೌಕ. ನಾಲ್ಕೂ ಮಗುಚಿ ಬಿದ್ದರೆ ಎಂಟು, ಅದೇ ಬಾರ. ಹೊರಸುತ್ತಿನ ಹದಿನಾರು ಮನೆಗಳನ್ನು ಒಂದು ದಿಕ್ಕಿನಲ್ಲಿ, ಒಳಸುತ್ತಿನ ಎಂಟು ಮನೆಗಳನ್ನು ಅದಕ್ಕೆ ಎದುರು ದಿಕ್ಕಿನಲ್ಲಿ ನಡೆದು ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುತ್ತದೆ. ಇಷ್ಟರ ಮಟ್ಟಿಗೆ ಎಲ್ಲರದೂ ಒಪ್ಪಿಗೆ. ಜಗಳವಿರುವುದು ಇದರಾಚೆಗೆ.

ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯಬಹುದೆ? ಕಾಯಿ ಹೊಡೆದವನಿಗೆ ಮತ್ತೊಂದು ಸಲ ಕವಡೆ ಎಸೆಯುವ ಹಕ್ಕುಂಟೆ? ಬೆನ್ನುಬೆನ್ನಿಗೆ ಮೂರು ಚೌಕ ಬಿದ್ದರೆ ಅದು ಭಾಗ್ಯವೋ, ಮೂರೂ ಗರ ಸುಟ್ಟುಹೋದಂತೆಯೋ? ಒಂದೇ ಮನೆಯಲ್ಲಿ ಕೂತ ಎರಡು ಕಾಯಿ ಗಟ್ಟಿಯಾದರೆ ಅದನ್ನು ಬಿಡಿಕಾಯಿ ಹೊಡೆಯಬಹುದೆ? ಗೋಡೆಗೆ ಒರಗಿ ಓರೆಯಾಗಿ ನಿಂತ ಕವಡೆ ಬಾಯಿಯೋ ಬೆನ್ನೋ? ಮೈಸೂರಿನ ಕಡೆಯ ಮನೆಯೊಂದರ ಉತ್ತರ ಧಾರವಾಡದ ಮನೆಯ ಉತ್ತರವಾಗಿರಬೇಕಿಲ್ಲ. ಒಂದೇ ಊರಿನ ಎರಡು ಬೀದಿಗಳ ಉತ್ತರವೂ ಒಂದೇ ಆಗಿರಬೇಕಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಪಾಡು ಇನ್ನೂ ಸ್ವಾರಸ್ಯದ್ದು. ಹೈದರಾಬಾದಿನ ನೆರೆಮನೆಯಲ್ಲಿ ಇದೇ ಆಟ ಅಷ್ಟಾಚೆಮ್ಮ. ಚೆನ್ನೈಯಲ್ಲಿ ಇದರ ನೆಂಟನಾದ ದಾಯಂ. ಅಲ್ಲಿ ಒಂದರ ಗರ ಬೀಳುವ ತನಕ ಕಾಯಿ ಮನೆಯಿಂದ ಹೊರಡುವುದೇ ಇಲ್ಲ. ಹಬ್ಬದ ಮಧ್ಯಾಹ್ನ ನಾಲ್ಕು ರಾಜ್ಯಗಳ ಮಕ್ಕಳು ಒಂದೇ ವರಾಂಡದಲ್ಲಿ ಕೂತರೆ ನಾಲ್ಕು ಅಜ್ಜಿಯರ ನಾಲ್ಕು ಧರ್ಮಶಾಸ್ತ್ರಗಳು ಒಂದೇ ಮಣೆಯ ಮೇಲೆ ಎದುರುಬದುರಾಗುತ್ತವೆ.

ಇದನ್ನು ಮಕ್ಕಳ ಜಗಳವೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ದೇಶದ ಬರವಣಿಗೆಯಲ್ಲಿ ಆಟದ ನಿಯಮದ ವಿವಾದಕ್ಕೆ ಬಹಳ ಹಳೆಯ, ಬಹಳ ಗಂಭೀರವಾದ ಇತಿಹಾಸವಿದೆ. ನಿಯಮ ಮೌನವಾಗಿದ್ದಾಗ ಯಾರು ಮಾತನಾಡಬೇಕು, ಎರಡು ವಾಡಿಕೆಗಳು ಎದುರಾದಾಗ ಯಾವುದು ನಿಲ್ಲಬೇಕು, ಸೋತವನ ದೂರನ್ನು ಕೇಳಬೇಕೆ ಎಂಬ ಪ್ರಶ್ನೆಗಳನ್ನು ರಾಜಸಭೆ, ದಂಡನೀತಿ, ಕತೆ, ಸಿನಿಮಾಗಳು ಆಟದ ನೆಪದಲ್ಲಿಯೇ ಎತ್ತಿವೆ.

ಮೊದಲಿಗೆ ಒಂದು ಮಾತನ್ನು ನೆನೆಯಬೇಕು. ಆಟದ ಮಣೆ ಉಳಿಯುವಷ್ಟು ಸುಲಭವಾಗಿ ಆಟದ ನಿಯಮ ಉಳಿಯುವುದಿಲ್ಲ. ಹಂಪೆಯ ಮಂಟಪಗಳಲ್ಲಿ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಈಗಲೂ ನೋಡಬಹುದು. ಕೊರೆದ ಕೈ ಯಾವುದೋ, ಆಡಿದವರು ಕಾವಲುಗಾರರೋ ಯಾತ್ರಿಕರೋ. ಅವರು ನಿಯಮವನ್ನು ಕಲ್ಲಿನ ಮೇಲೆ ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಎದುರು ಕೂತವನಿಗೆ ಅದು ಗೊತ್ತಿತ್ತು. ಜಗತ್ತಿನ ಬಹುಪಾಲು ಹಳೆಯ ಆಟಗಳ ಕತೆ ಇದೇ. ಮೆಸೊಪೊಟೇಮಿಯದ ಊರ್ ನಗರದ ಸಮಾಧಿಗಳಲ್ಲಿ ಸಿಕ್ಕ ನಾಲ್ಕೂವರೆ ಸಾವಿರ ವರ್ಷದಷ್ಟು ಹಳೆಯ ಮಣೆಗಳನ್ನು ಹೇಗೆ ಆಡುತ್ತಿದ್ದರೆಂದು ಊಹಿಸಲು ಸಾಧ್ಯವಾದದ್ದು, ಕ್ರಿಸ್ತಪೂರ್ವ 2ನೆಯ ಶತಮಾನದ ಬ್ಯಾಬಿಲೋನಿಯದ ಲಿಪಿಕಾರನೊಬ್ಬ ಆ ಕುಲದ ಆಟವೊಂದರ ನಿಯಮವನ್ನು ಜೇಡಿಮಣ್ಣಿನ ಫಲಕದ ಮೇಲೆ ಬರೆದಿಟ್ಟಿದ್ದರಿಂದ. ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಅದನ್ನು ಓದಿ ತಿಳಿಸಿದರು. ಹಾಗೆ ಬರೆದಿಡುವವರು ಅಪರೂಪ. ಬರೆಯದ ನಿಯಮ ಬಾಯಿಂದ ಬಾಯಿಗೆ ಸಾಗುತ್ತದೆ, ಸಾಗುವಾಗ ಬದಲಾಗುತ್ತದೆ, ಬದಲಾದದ್ದು ಗೊತ್ತಾಗುವುದು ಜಗಳವಾದಾಗ ಮಾತ್ರ.

ಭಾರತದ ಅತಿ ಪ್ರಸಿದ್ಧ ಆಟದ ಜಗಳ ಹಸ್ತಿನಾವತಿಯ ಸಭೆಯದು. ಅದನ್ನು ನಾವು ಮೋಸದ ಕತೆಯಾಗಿ, ಮಾನಭಂಗದ ಕತೆಯಾಗಿ ಓದುತ್ತೇವೆ. ಅದು ಅವೆರಡೂ ಹೌದು. ಆದರೆ ಸಭಾಪರ್ವವನ್ನು ನಿಧಾನವಾಗಿ ಓದಿದರೆ ಅದು ಅಡಿಗಡಿಗೂ ನಿಯಮದ ವಿವಾದವೆಂಬುದು ಕಾಣುತ್ತದೆ. ಮೊದಲ ವಿವಾದ ಆಟ ಶುರುವಾಗುವ ಮೊದಲೇ ಬರುತ್ತದೆ. ಪಣವನ್ನು ತಾನು ಒಡ್ಡುವುದಾಗಿಯೂ ತನ್ನ ಪರವಾಗಿ ಮಾವ ಶಕುನಿ ಆಡುವನೆಂದೂ ದುರ್ಯೋಧನ ಹೇಳುತ್ತಾನೆ. ಒಬ್ಬನ ಬದಲಿಗೆ ಇನ್ನೊಬ್ಬ ಆಡುವುದು ತನಗೆ ಸರಿತೋರದೆಂದು ಯುಧಿಷ್ಠಿರ ಆಕ್ಷೇಪಿಸುತ್ತಾನೆ. ಆಕ್ಷೇಪ ನ್ಯಾಯವಾದದ್ದು, ಪಣ ಒಬ್ಬನದು, ಕೈ ಇನ್ನೊಬ್ಬನದು ಎಂದಮೇಲೆ ಅದು ಸಮರ ಸಮರಿಗೆ ನಡೆಯುವ ಆಟವಾಗಿ ಉಳಿಯುವುದಿಲ್ಲ. ಆದರೆ ಆಕ್ಷೇಪವನ್ನು ಎತ್ತಿದವನೇ ಅದನ್ನು ಇತ್ಯರ್ಥಪಡಿಸಿಕೊಳ್ಳದೆ ಆಡಲು ಕೂರುತ್ತಾನೆ. ಸಭೆಯಲ್ಲಿದ್ದ ಹಿರಿಯರಾರೂ ತೀರ್ಪು ಕೊಡುವುದಿಲ್ಲ. ಮುಂದಿನ ಅನರ್ಥಕ್ಕೆಲ್ಲ ಬಾಗಿಲು ತೆರೆದದ್ದು ಅಲ್ಲಿ.

ಎರಡನೆಯ ವಿವಾದವನ್ನು ಎತ್ತುವವಳು ಆಟದಲ್ಲಿ ಪಾಲ್ಗೊಳ್ಳದೆಯೇ ಪಣವಾದವಳು. ತನ್ನನ್ನು ಕರೆಯಲು ಬಂದ ಪ್ರಾತಿಕಾಮಿಯನ್ನು ದ್ರೌಪದಿ ಒಂದು ಪ್ರಶ್ನೆಯೊಡನೆ ಹಿಂದಕ್ಕೆ ಕಳಿಸುತ್ತಾಳೆ: ಅರಸ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ? ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ಇದು ಅಧಿಕಾರದ ಪ್ರಶ್ನೆ. ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಉಳಿದಿತ್ತೆ? ಆಟದ ನಿಯಮ ಈ ಬಗ್ಗೆ ಮೌನವಾಗಿತ್ತು. ಆಗ ಸಭೆಯಲ್ಲಿ ನಡೆದ ವಾದವನ್ನು ಗಮನಿಸಬೇಕು. ಒಡೆತನವಿಲ್ಲದವನು ಪರರ ಸ್ವತ್ತನ್ನು ಪಣವಾಗಿಡಲಾರ, ಆದರೆ ಹೆಂಡತಿ ಗಂಡನ ಅಧೀನಳೆಂಬ ಮಾತೂ ಇದೆ, ಆದ್ದರಿಂದ ಧರ್ಮ ಸೂಕ್ಷ್ಮ, ತಾನು ನಿರ್ಣಯಿಸಲಾರೆ ಎಂದು ಭೀಷ್ಮ ಹಿಂಜರಿಯುತ್ತಾನೆ. ಧೃತರಾಷ್ಟ್ರನ ಮಕ್ಕಳಲ್ಲಿಯೇ ಒಬ್ಬನಾದ ವಿಕರ್ಣ ಎದ್ದು ನಿಂತು ಸ್ಪಷ್ಟವಾದ ಕಾರಣಗಳನ್ನು ಕೊಡುತ್ತಾನೆ: ವ್ಯಸನಕ್ಕೆ ಬಿದ್ದವನ ಕೃತ್ಯ ಪ್ರಮಾಣವಲ್ಲ, ಆಕೆ ಐವರಿಗೂ ಸೇರಿದವಳು, ಒಬ್ಬ ಪಣವಿಡುವಂತಿಲ್ಲ, ಯುಧಿಷ್ಠಿರ ಅಷ್ಟು ಹೊತ್ತಿಗೆ ತನ್ನನ್ನು ಸೋತಿದ್ದ, ಅಲ್ಲದೆ ಆ ಪಣವನ್ನು ಸೂಚಿಸಿದವನು ಎದುರಾಳಿ ಶಕುನಿಯೇ. ಸರ್ವಸ್ವವನ್ನೂ ಪಣವಿಟ್ಟಮೇಲೆ ಆಕೆಯೂ ಅದರೊಳಗೆ ಬಂದಳೆಂದು ಕರ್ಣ ಪ್ರತಿವಾದ ಹೂಡುತ್ತಾನೆ. ಪ್ರಶ್ನೆ ಬಂದಮೇಲೆ ಉತ್ತರಿಸದ ಸಭಾಸದನಿಗೂ ಪಾಪದ ಪಾಲುಂಟೆಂದು ವಿದುರ ಪ್ರಹ್ಲಾದನ ಕತೆ ಹೇಳಿ ಎಚ್ಚರಿಸುತ್ತಾನೆ. ಆದರೂ ಉತ್ತರ ಬರುವುದಿಲ್ಲ. ಅಪಶಕುನಗಳಿಗೆ ಹೆದರಿದ ಧೃತರಾಷ್ಟ್ರ ವರ ಕೊಟ್ಟು ಬಿಡುಗಡೆ ಮಾಡುತ್ತಾನೆ. ವರ ತೀರ್ಪಲ್ಲ. ದ್ರೌಪದಿ ಕೇಳಿದ್ದು ನ್ಯಾಯ, ಸಿಕ್ಕಿದ್ದು ಅನುಗ್ರಹ.

ಮೂರನೆಯ ವಿವಾದವನ್ನು ಸಾಮಾನ್ಯವಾಗಿ ನಾವು ಗಮನಿಸುವುದಿಲ್ಲ. ಎರಡನೆಯ ಸಲದ ಜೂಜಿಗೆ ಮೊದಲು ಷರತ್ತನ್ನು ಬಿಡಿಸಿ ಹೇಳಲಾಯಿತು: ಸೋತವರು ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಮಾಡಬೇಕು, ಅಜ್ಞಾತದಲ್ಲಿ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ. ಈ ಬಾರಿ ಎಲ್ಲವೂ ಸ್ಪಷ್ಟ ಎನಿಸುತ್ತದೆ. ಆದರೆ ವಿರಾಟಪರ್ವದಲ್ಲಿ, ಗೋಗ್ರಹಣದ ಹೊತ್ತಿಗೆ ಅರ್ಜುನನ ಗುರುತು ಸಿಕ್ಕಿದಾಗ, ಹದಿಮೂರನೆಯ ವರ್ಷ ಮುಗಿದಿದೆಯೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಭೀಷ್ಮ ಐದು ವರ್ಷಕ್ಕೆ ಎರಡರಂತೆ ಬರುವ ಅಧಿಕಮಾಸಗಳನ್ನು ಲೆಕ್ಕ ಹಾಕಿ ಅವಧಿ ತುಂಬಿದೆ ಎನ್ನುತ್ತಾನೆ. ದುರ್ಯೋಧನ ಒಪ್ಪುವುದಿಲ್ಲ. ಷರತ್ತಿನಲ್ಲಿ ವರ್ಷ ಎಂಬ ಪದವಿತ್ತು. ಯಾವ ಮಾನದ ವರ್ಷ ಎಂಬ ವಿವರಣೆಯಿರಲಿಲ್ಲ. ಸರಕಾರಿ ಕಚೇರಿಗಳಲ್ಲಿ ನಿಯಮಾವಳಿಗಳ ಜೊತೆ ಬದುಕುವವರಿಗೆ ಈ ಸಂಕಟ ಚಿರಪರಿಚಿತ. ನಿಯಮ ಎಷ್ಟೇ ಸ್ಪಷ್ಟವಾಗಿರಲಿ, ಅದರ ಮೊದಲ ಪುಟದ ಪರಿಭಾಷೆಯಲ್ಲಿ ಒಂದು ಪದ ಬಿಟ್ಟುಹೋದರೆ ಅದೇ ಬಿರುಕಿನಿಂದ ಇಡೀ ವಿವಾದ ಒಳಗೆ ಬರುತ್ತದೆ.

ಸಭೆ ಕೊಡದ ಉತ್ತರವನ್ನು ದಂಡನೀತಿ ಕೊಡಲು ಯತ್ನಿಸಿತು. ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು ಗ್ರಂಥವನ್ನು 1909ರಲ್ಲಿಯೂ ಅದರ ಇಂಗ್ಲಿಷ್ ಅನುವಾದವನ್ನು 1915ರಲ್ಲಿಯೂ ಪ್ರಕಟಿಸಿದರು. ಅದರ ಮೂರನೆಯ ಅಧಿಕರಣದ ಕೊನೆಯ ಅಧ್ಯಾಯ ಜೂಜಿಗೆ ಮೀಸಲು. ಜೂಜು ಒಂದೇ ಜಾಗದಲ್ಲಿ, ದ್ಯೂತಾಧ್ಯಕ್ಷನ ಕಣ್ಣೆದುರಿನಲ್ಲಿ ನಡೆಯಬೇಕು. ಬೇರೆಡೆ ಆಡಿದವನಿಗೆ 12 ಪಣ ದಂಡ. ದಾಳಗಳನ್ನು ಅಧ್ಯಕ್ಷನೇ ಬಾಡಿಗೆಗೆ ಕೊಡಬೇಕು. ಅವನ್ನು ಬದಲಾಯಿಸಿದವನಿಗೂ 12 ಪಣ. ಗೆದ್ದ ಹಣದಲ್ಲಿ ನೂರಕ್ಕೆ 5 ಪಾಲು, ಜೊತೆಗೆ ನೀರು ಮತ್ತು ಸ್ಥಳದ ಬಾಡಿಗೆ, ಪರವಾನಗಿಯ ಶುಲ್ಕ ರಾಜ್ಯಕ್ಕೆ ಸಲ್ಲಬೇಕು. ಕೈಚಳಕದ ಮೋಸವನ್ನು ತಡೆಯದ ಅಧ್ಯಕ್ಷನಿಗೆ, ಮೋಸಗಾರನಿಗೆ ವಿಧಿಸುವ ದಂಡದ ಇಮ್ಮಡಿ. ತೀರ್ಪುಗಾರನೂ ಹೊಣೆಗಾರ ಎಂಬ ಈ ತತ್ತ್ವ ಹಸ್ತಿನಾವತಿಯ ಸಭೆಗೆ ತಿಳಿದಿದ್ದರೆ ಎನಿಸದೆ ಇರದು.

ಆದರೆ ಆ ಅಧ್ಯಾಯದ ನಿಜವಾದ ಮುತ್ತು ಇನ್ನೊಂದು. ಆಟದ ವಿವಾದ ದೊರೆಯ ಬಳಿಗೆ ಬಂದಾಗ ಯಾರಿಗೆ ಹೆಚ್ಚು ದಂಡ? ಗೆದ್ದವನಿಗೆ ಕಡಿಮೆ, ಸೋತವನಿಗೆ ಹೆಚ್ಚು ದಂಡವಿರಲಿ ಎನ್ನುವುದು ಹಿಂದಿನ ಆಚಾರ್ಯರ ಮತ. ಏಕೆಂದರೆ ಸೋತವನು ಗೆಲುವಿನ ಆಸೆಗೆ ಬಿದ್ದ ಮೂಢ, ಸೋಲನ್ನು ತಾಳಲಾರದೆ ದೂರುತ್ತಾನೆ. ಕೌಟಿಲ್ಯ ಇದನ್ನು ಒಪ್ಪುವುದಿಲ್ಲ. ಸೋತವನಿಗೆ ಹೆಚ್ಚು ದಂಡ ಹಾಕಿದರೆ ಯಾರೂ ದೊರೆಯ ಬಳಿಗೆ ದೂರು ತರುವುದೇ ಇಲ್ಲ ಎಂಬುದು ಅವನ ವಾದ. ಜೂಜುಗಾರರು ಸಾಮಾನ್ಯವಾಗಿ ಮೋಸದಿಂದಲೇ ಆಡುವವರು ಎಂದೂ ಸೇರಿಸುತ್ತಾನೆ. ಕರುಣೆಯ ಮಾತಲ್ಲ ಇದು, ಆಡಳಿತದ ಅನುಭವದ ಮಾತು. ದೂರು ಕೊಡುವವನು ಬಹುಮಟ್ಟಿಗೆ ಸೋತವನೇ. ಅವನ ಬಾಯಿ ಮುಚ್ಚಿಸುವ ವ್ಯವಸ್ಥೆಯಲ್ಲಿ ಮೋಸ ನಡೆಯುತ್ತಿದೆಯೆಂಬುದು ಮೇಲಿದ್ದವರಿಗೆ ತಿಳಿಯುವುದೇ ಇಲ್ಲ. ‘ಸೋತದ್ದಕ್ಕೆ ನಿಯಮ ಹುಡುಕುತ್ತೀಯಾ’ ಎಂದು ನಾವು ಮಕ್ಕಳನ್ನು ಗದರುವುದುಂಟಲ್ಲ, ಆ ಗದರಿಕೆ ಕೌಟಿಲ್ಯನಿಗಿಂತ ಹಿಂದಿನ ಆಚಾರ್ಯರದು.

ದೊರೆಯೇ ನಿಯಮ ಮಾಡಿದರೆ ಏನಾದೀತೆಂಬುದಕ್ಕೂ ಉದಾಹರಣೆಗಳಿವೆ. ಅಬುಲ್ ಫಜಲನ ಆಯಿನ್-ಇ-ಅಕ್ಬರಿಯಲ್ಲಿ ಆಟಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಚೌಗಾನ್, ಪಾರಿವಾಳದ ಆಟ, ಚೌಪಡ್, ಗಂಜೀಫಾಗಳ ವಿವರಣೆ ಅಲ್ಲಿ ಬರುತ್ತದೆ. ಹದಿನಾರು ಕಾಯಿ, ನಾಲ್ಕು ಬಣ್ಣ, ಮೂರು ದಾಳದ ಚೌಪಡ್ ನಮ್ಮ ಪಗಡೆಯೇ. ಗಂಜೀಫಾದ ಹಳೆಯ ಎಲೆಗಳನ್ನು ಬಾದಶಹ ಬದಲಾಯಿಸಿದನೆಂದೂ ಆತ ಆಟದ ನೆಪದಲ್ಲಿ ಜನರ ಗುಣವನ್ನು ಅಳೆಯುತ್ತಿದ್ದನೆಂದೂ ಅಬುಲ್ ಫಜಲ್ ಬರೆಯುತ್ತಾನೆ. ಚಕ್ರವರ್ತಿ ನಿಯಮ ಬದಲಿಸಿದರೆ ವಿವಾದ ಏಳುವುದಿಲ್ಲ, ನಿಜ. ಎದುರು ಕೂತವನು ಆಡುತ್ತಿಲ್ಲ, ಪರೀಕ್ಷೆಗೆ ಒಳಗಾಗಿದ್ದಾನೆ ಎಂಬುದೂ ಅಷ್ಟೇ ನಿಜ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ದಾರಿ ಬೇರೆ. 1868ರವರೆಗೆ ಬದುಕಿದ್ದ, ಆದರೆ 1831ರಲ್ಲಿಯೇ ಆಡಳಿತವನ್ನು ಕಂಪನಿ ಸರಕಾರ ಕೈಗೆತ್ತಿಕೊಂಡ ಮೇಲೆ ಅಧಿಕಾರವಿಲ್ಲದ ಅರಸರಾಗಿದ್ದ ಅವರು ಹೊಸ ಆಟಗಳನ್ನು ಕಟ್ಟುವುದರಲ್ಲಿ, ಚದುರಂಗದ ಕುದುರೆಯ ನಡೆಯ ಬಂಧಗಳನ್ನು ಬಿಡಿಸುವುದರಲ್ಲಿ ಅಪಾರ ಶ್ರದ್ಧೆ ತೋರಿದರು. ಅವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟದ ಮಣೆಗಳ ಚಿತ್ರಗಳಿವೆ. ರಾಜ್ಯದ ಕಾನೂನು ಕೈತಪ್ಪಿದ ಅರಸ ಆಟದ ಕಾನೂನನ್ನು ಬರೆಸಿಟ್ಟರು. ಹಂಪೆಯ ಕಲ್ಲಿನಲ್ಲಿ ಬರೀ ಮನೆಗಳಿದ್ದರೆ ಇಲ್ಲಿ ಮನೆಗಳ ಜೊತೆ ವಿವರಣೆಯೂ ಉಳಿದಿದೆ.

ಎರಡು ವಾಡಿಕೆಗಳು ಎದುರಾಗುವ ಬಗೆಗೆ ಚದುರಂಗಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ನಮ್ಮ ದೇಶೀ ಚದುರಂಗದಲ್ಲಿ ಪದಾತಿ ಮೊದಲ ನಡೆಯಲ್ಲಿಯೂ ಸಾಮಾನ್ಯವಾಗಿ ಒಂದೇ ಮನೆ ಹೋಗುತ್ತದೆ. ಯುರೋಪಿನ ಕ್ಯಾಸಲಿಂಗ್ ಇಲ್ಲ. ಬದಲಿಗೆ ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಕೊನೆಯ ಸಾಲು ಮುಟ್ಟಿದ ಪದಾತಿ ಇಷ್ಟಬಂದ ಕಾಯಿಯಾಗುವಂತಿಲ್ಲ; ಯಾರ ಮನೆ ಮುಟ್ಟಿತೋ ಆ ಕಾಯಿಯಾಗಬೇಕು. ಈ ವಿವರಗಳಲ್ಲಿಯೂ ಪ್ರಾಂತಕ್ಕೊಂದು ಪಾಠ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲಕತ್ತೆಯ ವಕೀಲ ಜಾನ್ ಕಾಕ್ರೇನ್, ಮಹೇಶಚಂದ್ರ ಬಂದ್ಯೋಪಾಧ್ಯಾಯರೊಡನೆ ನೂರಾರು ಆಟಗಳನ್ನು ಯುರೋಪಿನ ನಿಯಮದಂತೆ ಆಡಿದ. ಮಹೇಶಚಂದ್ರರು ನಿಯಮ ಬದಲಿಸಿಕೊಂಡರೂ ಕೈಯ ಅಭ್ಯಾಸ ಬದಲಾಗಲಿಲ್ಲ. ಪದಾತಿಗಳನ್ನು ಒಂದೊಂದೇ ಮನೆ ಮುಂದಿಟ್ಟು ಆನೆಯನ್ನೋ ಒಂಟೆಯನ್ನೋ ಮೂಲೆಯಿಂದ ನೋಡಿಸುವ ಎಚ್ಚರದ ಆರಂಭಗಳನ್ನು ಅವರು ಬಿಡಲಿಲ್ಲ. ಇಂದು ಜಗತ್ತಿನ ಚದುರಂಗಿಗರೆಲ್ಲ ಆಡುವ ‘ಇಂಡಿಯನ್ ಡಿಫೆನ್ಸ್’ಗಳ ಹೆಸರಿನ ಮೂಲ ಇಂಥ ಆಟಗಳಲ್ಲಿದೆ. ನಿಯಮದ ವಿವಾದದಲ್ಲಿ ಸೋತ ವಾಡಿಕೆ ಆಟದ ಶೈಲಿಯಾಗಿ ಗೆದ್ದಿತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ದೇಶೀ ನಿಯಮದಲ್ಲಿಯೇ ಬೆಳೆದವರು. ಬೆಳೆದ ಮೇಲೆ ಯುರೋಪಿನ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ವಿಶ್ವ ಚದುರಂಗ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ.

ಇದೇ ಸಂಘರ್ಷವನ್ನು ಪ್ರೇಮಚಂದರು 1924ರ ‘ಶತರಂಜ್ ಕೆ ಖಿಲಾಡಿ’ ಕತೆಯಲ್ಲಿ ಇನ್ನೊಂದು ಬಗೆಯಲ್ಲಿ ಕಂಡರು. ಅವಧ ರಾಜ್ಯ ಕಂಪನಿಯ ವಶವಾಗುತ್ತಿರುವಾಗ ಮಿರ್ಜಾ ಮತ್ತು ಮೀರ್ ಊರಾಚೆಯ ಪಾಳು ಮಸೀದಿಯಲ್ಲಿ ಕೂತು ಚದುರಂಗವಾಡುತ್ತಿದ್ದಾರೆ. ಅವರ ಕೊನೆಯ ಜಗಳ ಹುಟ್ಟುವುದು ಎಲ್ಲರ ಮನೆಯಲ್ಲಿಯೂ ಹುಟ್ಟುವ ಪ್ರಶ್ನೆಯಿಂದ: ಇಟ್ಟ ಕಾಯಿಯನ್ನು ಹಿಂದಕ್ಕೆ ತೆಗೆಯಬಹುದೆ? ಮಾತು ವಂಶದ ಹಿರಿಮೆಗೆ ಹೋಗುತ್ತದೆ, ಕತ್ತಿಗಳು ಹೊರಬರುತ್ತವೆ, ಇಬ್ಬರೂ ಸಾಯುತ್ತಾರೆ. ದೊರೆಯನ್ನು ಹಿಡಿದೊಯ್ದಾಗ ಹನಿ ಕಣ್ಣೀರು ಹಾಕದವರು ಮರದ ವಜೀರನಿಗಾಗಿ ಪ್ರಾಣ ಕೊಟ್ಟರು. ಇದನ್ನು 1977ರಲ್ಲಿ ಸಿನಿಮಾ ಮಾಡಿದ ಸತ್ಯಜಿತ್ ರಾಯ್ ಮುಕ್ತಾಯವನ್ನು ಬದಲಿಸಿದರು. ಇಂಗ್ಲಿಷರ ಚದುರಂಗದಲ್ಲಿ ಪದಾತಿ ಎರಡು ಮನೆ ನೆಗೆಯುತ್ತದೆ, ವಜೀರನ ಜಾಗದಲ್ಲಿ ರಾಣಿ ಇರುತ್ತಾಳೆ ಎಂಬ ಸುದ್ದಿಯನ್ನು ಅವರು ಸಿನಿಮಾದ ಆರಂಭದಲ್ಲಿಯೇ ಒಬ್ಬ ಮುನ್ಷಿಯ ಬಾಯಲ್ಲಿ ಹೇಳಿಸಿದ್ದರು. ಕೊನೆಯಲ್ಲಿ ಗೆಳೆಯರು ಸಾಯುವುದಿಲ್ಲ. ರಾಜ್ಯ ಹೋದ ಸಂಜೆ, ಇಂಗ್ಲಿಷರ ನಿಯಮದಂತೆ ಮತ್ತೊಂದು ಆಟ ಹೂಡುತ್ತಾರೆ. ಯಾರ ನಿಯಮದಲ್ಲಿ ಆಡುತ್ತೇವೆಂಬುದು ಯಾರ ಆಳ್ವಿಕೆಯಲ್ಲಿದ್ದೇವೆಂಬುದರ ಗುರುತೂ ಹೌದೆಂದು ಇದಕ್ಕಿಂತ ಮೆಲುದನಿಯಲ್ಲಿ ಹೇಳಲಾಗದು.

ಅಚ್ಚಿನ ಯುಗ ಬಂದಾಗ ವಿವಾದಗಳೆಲ್ಲ ತೀರುವುವೆಂಬ ಆಶೆ ಹುಟ್ಟಿತು. 1742ರಲ್ಲಿ ಎಡ್ಮಂಡ್ ಹಾಯ್ಲ್ ವಿಸ್ಟ್ ಎಂಬ ಇಸ್ಪೀಟಾಟದ ಬಗ್ಗೆ ಲಂಡನ್ನಿನಲ್ಲಿ ಚಿಕ್ಕ ಪುಸ್ತಕವೊಂದನ್ನು ತಂದ. ಅದರ ಕಳ್ಳಪ್ರತಿಗಳು ಎಷ್ಟು ಹಬ್ಬಿದವೆಂದರೆ ಅಸಲಿ ಪ್ರತಿಗಳಿಗೆ ಅವನು ಸಹಿ ಹಾಕಬೇಕಾಯಿತು. ಹಾಯ್ಲನ ಪ್ರಕಾರ ಎಂದರೆ ಇಂಗ್ಲಿಷಿನಲ್ಲಿ ನಿಯಮಬದ್ಧವಾಗಿ ಎಂದೇ ಅರ್ಥವಾಯಿತು. ನಮ್ಮ ಪಚ್ಚೀಸಿ ಸಮುದ್ರ ದಾಟಿ, ಅಮೆರಿಕದಲ್ಲಿ ಪಾರ್ಚೀಸಿ ಎಂಬ ಹೆಸರಿನಲ್ಲಿ ವ್ಯಾಪಾರಮುದ್ರೆ ಪಡೆಯಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಿತು. ಕವಡೆಗಳ ಜಾಗದಲ್ಲಿ ಆರು ಮುಖದ ದಾಳ, ಬಟ್ಟೆಯ ಹಾಸಿನ ಜಾಗದಲ್ಲಿ ರಟ್ಟು, ಅಜ್ಜಿಯ ಜಾಗದಲ್ಲಿ ಪೆಟ್ಟಿಗೆಯೊಳಗಿನ ಮುದ್ರಿತ ಹಾಳೆ. ಅದೇ ಲೂಡೋ ಹಿಂದಿರುಗಿ ಬಂದು ನಮ್ಮ ಮನೆಗಳನ್ನು ಹೊಕ್ಕಿತು. ಹಾಳೆ ಮೊದಲ ವಾರದಲ್ಲಿಯೇ ಕಳೆದುಹೋಯಿತು. ಮೂರು ಆರು ಬಿದ್ದರೆ ಏನೆಂಬ ಪ್ರಶ್ನೆ, ಮೂರು ಚೌಕದ ಪ್ರಶ್ನೆಯ ಮರುಹುಟ್ಟಾಗಿ, ಉಳಿದುಕೊಂಡಿತು.

ಹಾಳೆ ಕಳೆಯದಿದ್ದರೂ ಜನ ಅದನ್ನು ಪಾಲಿಸುತ್ತಾರೆಂದಿಲ್ಲ. ಮೊನೊಪೊಲಿ ಆಟದ ಮುದ್ರಿತ ನಿಯಮದಂತೆ, ಒಬ್ಬ ಆಟಗಾರ ತಾನು ಬಂದು ನಿಂತ ಆಸ್ತಿಯನ್ನು ಕೊಳ್ಳಲೊಪ್ಪದಿದ್ದರೆ ಅದನ್ನು ಕೂಡಲೇ ಹರಾಜು ಹಾಕಬೇಕು. ಅನೇಕ ಮನೆಗಳಲ್ಲಿ ಈ ನಿಯಮದ ಸುಳಿವೇ ಇಲ್ಲ. ದಂಡದ ಹಣವನ್ನು ಮಣೆಯ ನಡುವೆ ಕೂಡಿಟ್ಟು ಫ್ರೀ ಪಾರ್ಕಿಂಗಿಗೆ ಬಂದವನಿಗೆ ಕೊಡುವ ರೂಢಿ ನಿಯಮದಲ್ಲಿಲ್ಲ; ಆದರೆ ಎಲ್ಲೆಲ್ಲೂ ಇದೆ. ಆ ಆಟದ ಮೂಲವೇ ಹೆಚ್ಚು ಕುತೂಹಲದ್ದು. ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಅದರ ತಾಯಿ. ಭೂಬಾಡಿಗೆಯಿಂದ ಕೆಲವರು ಸಿರಿವಂತರಾಗಿ ಉಳಿದವರು ಬಡವಾಗುವ ಬಗೆಯನ್ನು ತೋರಿಸುವುದು ಆಕೆಯ ಉದ್ದೇಶ. ಆಕೆ ಮುಂದೆ ಅದೇ ಮಣೆಗೆ ಎರಡು ನಿಯಮಾವಳಿಗಳನ್ನು ಕೊಟ್ಟಳು: ಒಂದರಲ್ಲಿ ಒಬ್ಬ ಉಳಿದವರನ್ನೆಲ್ಲ ದಿವಾಳಿ ಮಾಡಿ ಗೆಲ್ಲುತ್ತಾನೆ; ಇನ್ನೊಂದರಲ್ಲಿ ಸಂಪತ್ತು ಹುಟ್ಟಿದಾಗ ಎಲ್ಲರಿಗೂ ಲಾಭವಾಗುತ್ತದೆ. 1935ರಲ್ಲಿ ಪಾರ್ಕರ್ ಬ್ರದರ್ಸ್ ಮಾರುಕಟ್ಟೆಗೆ ತಂದ ಮೊನೊಪೊಲಿಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ. ಮಣೆ ಅದೇ, ಕಾಯಿ ಅದೇ. ನಿಯಮ ಬದಲಾದರೆ ಆಟ ಕಲಿಸುವ ಪಾಠವೇ ತಿರುಗುಮುರುಗಾಗುತ್ತದೆ.

ಈಗ ಆಟ ಮೊಬೈಲಿಗೆ ಬಂದಿದೆ. ಲೂಡೋ ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಪ್ರಶ್ನೆ 2021ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಹಣ ಕಟ್ಟಿ ಆಡುವ ಆ್ಯಪ್‌ಗಳ ಸಂದರ್ಭದಲ್ಲಿ ಅದು ಕೌಟಿಲ್ಯನ ಅಧ್ಯಾಯದ ಮುಂದುವರಿಕೆಯೇ. ಆದರೆ ಆಡುವವರ ನಡುವೆ ಮಾತ್ರ ಅಲ್ಲಿ ನಿಯಮದ ಜಗಳವೇ ಇಲ್ಲ. ಗೋಡೆಗೊರಗಿದ ಕವಡೆಯಿಲ್ಲ, ಇಟ್ಟ ಕಾಯಿಯನ್ನು ಹಿಂದೆಗೆಯುವಂತಿಲ್ಲ. ನಿಯಮಕ್ಕೆ ಹೊಂದದ ನಡೆಯನ್ನು ಯಂತ್ರ ಬಿಡುವುದೇ ಇಲ್ಲ. ಇದನ್ನು ಲಾಭವೆಂದೇ ಮೊದಲಿಗೆ ಎಣಿಸಬೇಕು, ಮೋಸದ ಒಂದು ದಾರಿ ಮುಚ್ಚಿತು. ಆದರೆ ಹತ್ತು ವರ್ಷದ ಮಗು ಹಿರಿಯರ ಎದುರು ಕೂತು, ‘ಹೋದ ಸಲ ನಿಮಗೆ ಬಿದ್ದಾಗ ಬೇರೆ ಹೇಳಿದ್ದಿರಿ’ ಎಂದು ಪೂರ್ವನಿದರ್ಶನ ತೋರಿಸಿ ವಾದಿಸುವ ಅವಕಾಶವೂ ಮುಚ್ಚಿತು. ನಿಯಮ ಎಲ್ಲರಿಗೂ ಒಂದೇ, ಹೇಳಿದವರಿಗೂ ಅನ್ವಯಿಸುತ್ತದೆ ಎಂಬ ಪಾಠವನ್ನು ಪೌರನೀತಿಯ ಪುಸ್ತಕಕ್ಕೆ ಮೊದಲು ಕಲಿಸುವುದು ಇಂಥ ಜಗಳವೇ.

ಹಾಗಾದರೆ ವರಾಂಡದ ಜಗಳವನ್ನು ತೀರಿಸುವುದು ಹೇಗೆ? ಇಷ್ಟು ಉದ್ದದ ಇತಿಹಾಸ ಕೆಲವು ಸರಳ ಸೂಚನೆಗಳನ್ನು ಕೊಡುತ್ತದೆ. ಆಕ್ಷೇಪವನ್ನು ಕವಡೆ ಎಸೆಯುವ ಮೊದಲೇ ಎತ್ತಬೇಕು, ಎತ್ತಿದ್ದನ್ನು ಇತ್ಯರ್ಥ ಮಾಡಿಕೊಂಡೇ ಕೂರಬೇಕು. ಯುಧಿಷ್ಠಿರ ಬಿಟ್ಟದ್ದು ಇದನ್ನು. ನಡುವೆ ಹೊಸ ಪ್ರಶ್ನೆ ಬಂದರೆ, ಉತ್ತರದಿಂದ ಲಾಭ ಪಡೆಯುವವನು ತೀರ್ಪುಗಾರನಾಗಬಾರದು. ತೀರ್ಪು ಕೊಡಬೇಕಾದವರು ಸೂಕ್ಷ್ಮವೆಂದು ಹೇಳಿ ಜಾರಿಕೊಳ್ಳಬಾರದು. ಕೊಟ್ಟ ತೀರ್ಪು ಈ ಆಟ ಮುಗಿಯುವ ತನಕ ಎಲ್ಲರಿಗೂ ಒಂದೇ. ಮುಂದಿನ ಆಟಕ್ಕೆ ಮತ್ತೆ ಚರ್ಚಿಸಬಹುದು. ಸೋತವನ ದೂರನ್ನು, ಅವನು ಸೋತವನೆಂಬ ಒಂದೇ ಕಾರಣಕ್ಕೆ, ತಳ್ಳಿಹಾಕಬಾರದು. ಎರಡು ಊರಿನ ನಿಯಮಗಳು ಎದುರಾದರೆ ಒಂದು ಆಟ ಇವರ ನಿಯಮದಲ್ಲಿ, ಒಂದು ಆಟ ಅವರ ನಿಯಮದಲ್ಲಿ ಆಗಲಿ. ದಾಯದ ಒಂದಕ್ಕಾಗಿ ಕಾಯುವುದರಲ್ಲಿ ಎಂಥ ತಾಳ್ಮೆ ಬೇಕೆಂದು ಚೌಕಾಬಾರದವರಿಗೂ ತಿಳಿಯಲಿ.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ಕೆಲಸವಿದೆ, ಅದು ಸ್ವಲ್ಪ ಅವಸರದ್ದು. ಊರಿನಲ್ಲಿ ಒಂದು ಮನೆ ಮರೆತ ನಿಯಮ ಪಕ್ಕದ ಮನೆಯಲ್ಲಿ ಉಳಿದಿರುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ಇರುವ ಕುಟುಂಬದಲ್ಲಿ ಅಜ್ಜಿಯೊಬ್ಬರು ಹೋದರೆ ಅವರೊಡನೆ ಒಂದು ಬೀದಿಯ ಚೌಕಾಬಾರವೇ ಹೋಗುತ್ತದೆ. ಪಕ್ಕದ ಮನೆಯಲ್ಲಿ ಅದನ್ನು ಬಲ್ಲವರಿಲ್ಲ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳು ಹಳೆಯ ಮಣೆಗಳನ್ನು ಕೂಡಿಸಿ ಪ್ರದರ್ಶಿಸಿವೆ. ಆದರೆ ಮನೆಮನೆಯ ನಿಯಮವನ್ನು ಆಯಾ ಮನೆಯವರೇ ಕೂಡಿಸಬೇಕು. ಈ ದಸರೆಗೋ ಬೇಸಗೆಗೋ ಊರಿನಿಂದ ಹಿರಿಯರು ಬಂದಾಗ ಒಂದು ಹಾಳೆ ಹಿಡಿದು ಕೇಳಬಹುದು: ಹೊಡೆಯದೆ ಒಳಗೆ ಇಳಿಯಬಹುದೆ, ಮೂರು ಚೌಕ ಬಿದ್ದರೆ ಏನು, ಗಟ್ಟಿಯನ್ನು ಯಾರು ಮುರಿಯಬಹುದು, ಓರೆ ಕವಡೆಗೆ ಯಾವ ಲೆಕ್ಕ. ಊರಿನ ಹೆಸರನ್ನೂ ಕಲಿಸಿದವರ ಹೆಸರನ್ನೂ ಕೆಳಗೆ ಬರೆದಿಡಬೇಕು. ಇಬ್ಬರು ಹಿರಿಯರ ಉತ್ತರ ಬೇರೆಯಾಗಿದ್ದರೆ ಎರಡನ್ನೂ ಬರೆದುಕೊಳ್ಳಬೇಕು, ಸರಿಪಡಿಸಲು ಹೋಗಬಾರದು. ಬ್ಯಾಬಿಲೋನಿನ ಆ ಲಿಪಿಕಾರ ಮಾಡಿದ್ದೂ ಇಷ್ಟೇ ಕೆಲಸ.